ಫ್ಯಾನ್ ತಿರುಗದ ಕಾರಿನಲ್ಲಿ ಮೂರು ದಿನ: ಹುಬ್ಬಳ್ಳಿ, ಗದಗ, ಹಾವೇರಿ

ಹೊರಡುವ ಹಿಂದಿನ ಸಂಜೆ

ಸಂಕ್ರಾಂತಿ ಬಂತೆಂದರೆ ಧಾರವಾಡ ಸೀಮೆಯ ಮನೆಗಳಲ್ಲಿ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಮಾದಲಿ ಬುತ್ತಿ ಕಟ್ಟಿಕೊಂಡು ಹೊಳೆಗೋ ಕೆರೆಗೋ ಗುಡಿಗೋ ಹೋಗಿ, ಎಲ್ಲರೂ ಕೂಡಿ ಉಂಡು ಬರುವ ರೂಢಿ. ಈ ಸಲದ ಹಾದಿ ಮೂರು ದಿನದ್ದು. ಹುಬ್ಬಳ್ಳಿಯಿಂದ ಅಣ್ಣಿಗೇರಿ, ಗದಗ, ಲಕ್ಕುಂಡಿ. ಅಲ್ಲಿಂದ ಮಾಗಡಿ ಕೆರೆ, ಲಕ್ಷ್ಮೇಶ್ವರ, ಸವಣೂರು. ಕೊನೆಗೆ ಹಾವೇರಿ, ಬಂಕಾಪುರ ಮುಗಿಸಿ ಮರಳಿ ಹುಬ್ಬಳ್ಳಿ. ಕಾರು ಒಂಬತ್ತು ವರ್ಷದ ಹಳೆಯದು, ನಾಲ್ಕು ಸಿಲಿಂಡರಿನ ಪೆಟ್ರೋಲ್ ಗಾಡಿ, ಕೈಯಿಂದ ಹಾಕುವ ಗೇರು. ಒಳಗೆ ಐದು ಜನ, ಅದರಲ್ಲಿ ಇಬ್ಬರು ವಯಸ್ಸಾದವರು.

ಹಿಂದಿನ ಸಂಜೆ ನೋಡಬೇಕಾದ್ದನ್ನು ಬಹುತೇಕ ನೋಡಿ ಆಗಿತ್ತು. ನಾಲ್ಕು ಟೈರಿಗೆ 33 ಪಿಎಸ್‌ಐ ಗಾಳಿ. ಸ್ಟೆಪ್ನಿಗೆ ಎರಡು ಮೂರು ಪಿಎಸ್‌ಐ ಹೆಚ್ಚು, ಯಾಕೆಂದರೆ ಡಿಕ್ಕಿಯೊಳಗೆ ತಿಂಗಳುಗಟ್ಟಲೆ ಮಲಗಿದ ಟೈರು ತಾನಾಗಿಯೇ ಗಾಳಿ ಕಳೆದುಕೊಳ್ಳುತ್ತದೆ, ಬೇಕಾದ ಹೊತ್ತಿಗೆ ಅದೇ ಮೆತ್ತಗಿರುತ್ತದೆ. ಎಣ್ಣೆಯ ಕಡ್ಡಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ. ಇಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟಿನ ಬಾಟಲಿಯಲ್ಲೂ ಹಾಗೇ. ಬ್ಯಾಟರಿಯ ಕಂಬಗಳ ಮೇಲೆ ಕೂತಿದ್ದ ಬಿಳಿ ಹಸಿರು ಕಿಲುಬನ್ನು ಬಿಸಿನೀರು ಸೋಡಾಪುಡಿ ಹಾಕಿ ತೊಳೆದು, ಒರೆಸಿ, ಮೇಲೆ ಒಂದು ಪದರ ವ್ಯಾಸಲಿನ್.

ಒಂದೇ ಒಂದು ಪರೀಕ್ಷೆ ತಪ್ಪಿತು. ಅದಕ್ಕೆ ಹಿಡಿಯುವುದು ಒಂದು ನಿಮಿಷ. ಇಂಜಿನ್ ಚಾಲೂ ಮಾಡಿ, ಎಸಿ ಹಾಕಿ, ಬಾನೆಟ್ ಎತ್ತಿ ನಿಲ್ಲುವುದು. ಬಹಳಷ್ಟು ಸಣ್ಣ ಕಾರುಗಳಲ್ಲಿ ಎಸಿ ಹಾಕಿದ ಕೂಡಲೇ, ಇಂಜಿನ್ನಿನ ಬಿಸಿನೀರು ತಣಿಸುವ ರೇಡಿಯೇಟರಿನ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಪ್ರವಾಸ ಮನೆಯ ಅಂಗಳದಲ್ಲೇ ನಿಲ್ಲಬೇಕು, ಗ್ಯಾರೇಜಿಗೆ ಹೋಗಿ ಬಂದ ಮೇಲೆ ಮುಂದಿನ ಮಾತು.

ಡಿಕ್ಕಿಯಲ್ಲಿ ಬುತ್ತಿಯ ಗಂಟುಗಳ ಪಕ್ಕ ಒಂದು ಚೀಲ. ಅದರಲ್ಲಿ ಜಾಕ್, ವ್ಹೀಲ್ ಪಾನಾ, 10 ಮತ್ತು 12ರ ಪಾನಾ, ಸ್ಕ್ರೂ ಡ್ರೈವರ್, ಇಕ್ಕಳ, ಜಂಪರ್ ಕೇಬಲ್ ಜೋಡಿ, ಎರಡು ಮೀಟರ್ ದಪ್ಪ ವಾಯರ್, 10, 15, 20, 30 ಆಂಪಿಯರಿನ ಫ್ಯೂಜು ಎರಡೆರಡು, ಹೋಸ್ ಕ್ಲಿಪ್ಪು ನಾಲ್ಕು, ಒಂದು ಅಡಿ ಚದರದ ಹಲಗೆ, ಕೆಂಪು ತ್ರಿಕೋನ, ಒಂದು ಕಿಲೋದ ಬೆಂಕಿ ಆರಿಸುವ ಪುಡಿಯ ಸಿಲಿಂಡರು, ಟಾರ್ಚು, ಹಳೆಯ ದಪ್ಪ ಟವೆಲ್ಲು, ಐದು ಲೀಟರ್ ನೀರು. ಆ ನೀರು ಕುಡಿಯುವ ನೀರಿನ ಲೆಕ್ಕಕ್ಕೆ ಸೇರಬಾರದು. ಹಲಗೆಯನ್ನು ನೋಡಿದವರು ಇದೇಕೆ ಎಂದು ಕೇಳುವುದುಂಟು. ಎರಿ ಸೀಮೆಯಲ್ಲಿ, ಅಂದರೆ ಕಪ್ಪು ಮಣ್ಣಿನ ನಾಡಿನಲ್ಲಿ, ಟೈರು ಬದಲಿಸಿದವರು ಕೇಳುವುದಿಲ್ಲ.

ಮೊದಲ ದಿನ: ಅಣ್ಣಿಗೇರಿಯಲ್ಲಿ ಏರಿದ ಮುಳ್ಳು

ಬೆಳಿಗ್ಗೆ 7.30ಕ್ಕೆ ಹುಬ್ಬಳ್ಳಿ ಬಿಟ್ಟು ಗದಗ ರಸ್ತೆ. ಎರಡೂ ಕಡೆ ಎರಿ ಹೊಲ, ಬಿಳಿಜೋಳ, ಕಡಲೆ, ಅಲ್ಲಲ್ಲಿ ಕೊನೆಯ ಬಿಡಿಕೆಗೆ ಬಂದ ಹತ್ತಿ. ಗಂಟೆಗೆ 70 ಕಿ.ಮೀ. ವೇಗದಲ್ಲಿ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಅರ್ಧದಲ್ಲಿ ಅಲುಗದೆ ನಿಂತಿತ್ತು. ಆ ವೇಗಕ್ಕೆ ಎದುರು ಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ, ಫ್ಯಾನಿನ ಕೆಲಸವೇ ಇರುವುದಿಲ್ಲ. ಫ್ಯಾನ್ ಸತ್ತಿದ್ದರೂ ಹೆದ್ದಾರಿಯಲ್ಲಿ ಸುಳಿವು ಸಿಗದಿರುವುದು ಇದೇ ಕಾರಣಕ್ಕೆ.

ಅಣ್ಣಿಗೇರಿ ಪಂಪನ ಊರೆಂದು ಹೆಸರಾದದ್ದು. ಅಮೃತೇಶ್ವರ ಗುಡಿಯ ಕಪ್ಪು ಕಂಬಗಳ ಸಾಲು ನೋಡಿ ಬರುವಷ್ಟರಲ್ಲಿ ಕಾರು ಗುಡಿಯ ಮುಂದೆ ಇಂಜಿನ್ ಆರಿಸದೆ, ಎಸಿ ಹಾಕಿಕೊಂಡೇ ಇಪ್ಪತ್ತು ನಿಮಿಷ ನಿಂತಿತ್ತು, ಒಳಗೆ ಕೂತ ಹಿರಿಯರಿಗೆ ತಂಪಿರಲಿ ಎಂದು. ಊರಿನ ಓಣಿ ದಾಟಿ ಹೆದ್ದಾರಿ ಮುಟ್ಟುವ ಮೊದಲೇ ಎಸಿಯಿಂದ ಬಿಸಿ ಗಾಳಿ ಬರತೊಡಗಿತು. ಮುಳ್ಳು ಮುಕ್ಕಾಲು ದಾಟಿತ್ತು, ಸಿಹಿ ಬೆಲ್ಲದ ಪಾಕದಂಥ ವಾಸನೆ. ಅದು ಕೂಲಂಟಿನ ವಾಸನೆ, ಒಮ್ಮೆ ಮೂಸಿದವರು ಮರೆಯುವುದಿಲ್ಲ.

ಇಲ್ಲಿ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಇನ್ನೇನ್ ಗದಗ ಸಮೀಪನ ಐತಿ, ಹೋಗೇಬಿಡೋಣು." ಇಂಜಿನ್ ಕೆಡುವುದು ಆ ಮಾತಿನಿಂದ, ಫ್ಯಾನಿನಿಂದಲ್ಲ. ಈಗಿನ ಇಂಜಿನ್ನುಗಳ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂರುವ ಭಾಗ, ಅಲ್ಯೂಮಿನಿಯಮ್ಮಿನದು. ಮುಳ್ಳು ಕೆಂಪಿನಲ್ಲಿದ್ದಾಗ ನಾಲ್ಕೈದು ಕಿ.ಮೀ. ಓಡಿಸಿದರೂ ಅದು ಸೊಟ್ಟಗಾಗಬಹುದು, ಅದರ ಕೆಳಗಿನ ಹೆಡ್ ಗ್ಯಾಸ್ಕೆಟ್ ಎಂಬ ತೆಳು ಪದರ ಸುಡಬಹುದು. ಒಂದು ಫ್ಯೂಜಿನಲ್ಲೋ ರಿಲೇಯಲ್ಲೋ (ಕರೆಂಟಿನಿಂದಲೇ ಆನ್ ಆಫ್ ಆಗುವ ಸಣ್ಣ ಸ್ವಿಚ್ಚು) ಮುಗಿಯುವ ಕೆಲಸ ಹೆಡ್ ಇಳಿಸುವ ತನಕ ಹೋಗುತ್ತದೆ.

ಹಾಗಾಗಿ ಮೊದಲು ಎಸಿ ಬಂದ್. ಎರಡನೆಯದು ವಿಚಿತ್ರ ಅನ್ನಿಸಬಹುದು, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಗಾಳಿಯನ್ನು ಜೋರಾಗಿ ಬಿಡುವುದು. ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರು, ಇಂಜಿನ್ನಿನ ಬಿಸಿಯನ್ನು ಕಾರಿನ ಒಳಕ್ಕೆ ಎಳೆದು ಹಾಕುತ್ತದೆ. ಕಿಟಕಿ ಇಳಿಸಿ ಒಂದೆರಡು ನಿಮಿಷ ಬೆವರು ಸಹಿಸಿಕೊಂಡರೆ ರಸ್ತೆ ಬದಿಯ ನೆರಳು ಸಿಗುವ ತನಕ ಅಷ್ಟು ಸಾಕು. ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ಇಂಜಿನ್ ಆರಿಸಿ, ತ್ರಿಕೋನವನ್ನು ಹಿಂದೆ ಐವತ್ತು ಹೆಜ್ಜೆ ದೂರದಲ್ಲಿಟ್ಟು, ಹಿರಿಯರನ್ನು ರಸ್ತೆಯಿಂದ ದೂರ ಮರದ ಬೊಡ್ಡೆಗೆ ಚಾಪೆ ಹಾಸಿ ಕೂಡಿಸಿದ್ದಾಯಿತು. ಕೆಟ್ಟ ಕಾರಿನೊಳಗೆ ಜನ ಕೂತಿರಬಾರದು. ಹಿಂದಿನಿಂದ ಬಂದ ಲಾರಿಗೆ ನಿಂತ ಕಾರು ಕಾಣದಿದ್ದರೆ ಏನಾದೀತು ಎಂಬುದಕ್ಕೆ ಬಿಡಿಸಿ ಹೇಳುವ ಅಗತ್ಯವಿಲ್ಲ.

ಬಾನೆಟ್ಟಿನ ಕೊಕ್ಕೆ ಬಿಡಿಸಿ ಸ್ವಲ್ಪವೇ ಎತ್ತಿ, ಉಗಿ ಹೋದ ಮೇಲೆ ಪೂರ್ತಿ ತೆರೆಯಬೇಕು. ಆಮೇಲೆ ಏನನ್ನೂ ಮುಟ್ಟದೆ 40–45 ನಿಮಿಷ. ಮುಚ್ಚಳ ತೆಗೆಯುವ ಆತುರವೇ ಈ ಕೆಲಸದಲ್ಲಿ ಕೈ ಮುಖ ಸುಟ್ಟುಕೊಳ್ಳುವವರೆಲ್ಲರ ಕಾರಣ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟಿರುತ್ತದೆ. ಆ ಒತ್ತಡದಿಂದಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಸುಮ್ಮನಿರುತ್ತದೆ. ಮುಚ್ಚಳ ತಿರುವಿದ ಕ್ಷಣ ಒತ್ತಡ ಹೋಗಿ ಅಷ್ಟೂ ನೀರು ಒಮ್ಮೆಲೇ ಕುದಿದು ಮೇಲೆ ಚಿಮ್ಮುತ್ತದೆ. ಬಿಸಿ ಇಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಬೇಡ, ಕಾದ ಲೋಹ ಬಿರುಕು ಬಿಡಬಹುದು.

ಕಾಯುವ ಹೊತ್ತಿನಲ್ಲಿ ಕಣ್ಣಿಗೆ ಕೆಲಸ ಕೊಡಬಹುದು. ಕಾರಿನ ಕೆಳಗೆ ನೀರು ಎಲ್ಲಿಂದ ತೊಟ್ಟಿಕ್ಕುತ್ತಿದೆ? ರೇಡಿಯೇಟರಿನ ಮೇಲಿನ ರಬ್ಬರ್ ಕೊಳವೆ, ಅಂದರೆ ಹೋಸ್ ಒಡೆದಿದೆಯೇ, ಕ್ಲಿಪ್ಪು ಸಡಿಲವೇ? ಬೆಲ್ಟ್ ಇದೆಯೇ, ಹರಿದಿದೆಯೇ? ಎಣ್ಣೆ ಹಾಕುವ ಮುಚ್ಚಳದ ಅಡಿಯಲ್ಲಿ ಮಜ್ಜಿಗೆಯಂಥ ಬಿಳಿ ನೊರೆ ಕಂಡರೆ ನೀರು ಎಣ್ಣೆಗೆ ಸೇರಿದೆ ಎಂದರ್ಥ, ಆ ಕಾರನ್ನು ಚಾಲೂ ಮಾಡುವ ಮಾತೇ ಇಲ್ಲ, ಎಳೆಸಬೇಕು. ಇಲ್ಲಿ ಹೋಸ್ ಸರಿಯಿತ್ತು, ಬೆಲ್ಟ್ ಸರಿಯಿತ್ತು, ಎಣ್ಣೆ ಎಣ್ಣೆಯ ಹಾಗೇ ಇತ್ತು. ಬಾಟಲಿಯಿಂದ ಉಕ್ಕಿ ಚೆಲ್ಲಿದ ಹಸಿರು ಕಲೆ ಮಾತ್ರ. ಅಲ್ಲಿಗೆ ಅನುಮಾನ ಫ್ಯಾನಿನ ಮೇಲೆ.

ಹಾದು ಹೋಗುತ್ತಿದ್ದ ಟ್ರ್ಯಾಕ್ಟರಿನವರು ನಿಲ್ಲಿಸಿ ಕೇಳಿದರು: "ಗದಗಿನತನಕಾ ಎಳಕೊಂಡ್ ಹೋಗ್ಲೇನ್ರಿ?" ಈ ಸೀಮೆಯಲ್ಲಿ ಕೇಳದೆ ಸಿಗುವ ಸಹಾಯ ಇದು, ಮನಸ್ಸು ತುಂಬಿ ಬರುತ್ತದೆ. ಆದರೆ ಟ್ರ್ಯಾಕ್ಟರಿನಿಂದ ಎಳೆಸುವುದು ಕೊನೆಯ ದಾರಿ. ಎಳೆಸಲೇಬೇಕಾದರೆ ಸರಪಳಿ ಬೇಡ, ಜಗ್ಗಿದಾಗ ಕಾರಿನ ಕೊಕ್ಕೆಯೇ ಕಿತ್ತು ಬರುತ್ತದೆ. ನಾಲ್ಕೈದು ಮೀಟರಿನ ದಪ್ಪ ನೈಲಾನ್ ಹಗ್ಗ ಬೇಕು. ಕೊಕ್ಕೆ ಬಹುತೇಕ ಕಾರುಗಳಲ್ಲಿ ಜಾಕಿನ ಜೊತೆ ಬಿಡಿಯಾಗಿರುತ್ತದೆ, ಬಂಪರಿನ ಸಣ್ಣ ಮುಚ್ಚಳ ತೆಗೆದು ಪೂರ್ತಿ ಬಿಗಿಯಾಗುವ ತನಕ ತಿರುವಬೇಕು. ಸ್ಟೇರಿಂಗ್ ಲಾಕ್ ಆಗದಂತೆ ಚಾವಿ ಆನ್ ಇರಬೇಕು, ಗೇರು ನ್ಯೂಟ್ರಲ್. ಇಂಜಿನ್ ಆರಿದ ಕಾರಿನಲ್ಲಿ ಬ್ರೇಕ್ ಕಲ್ಲಿನಂತಿರುತ್ತದೆ, ಎಂದಿಗಿಂತ ಬಹಳ ಹೆಚ್ಚು ಬಲ ಹಾಕಿ ತುಳಿಯಬೇಕು. ವೇಗ 20–25 ಕಿ.ಮೀ. ಮೀರಬಾರದು. ಆಟೋಮ್ಯಾಟಿಕ್ ಗೇರಿನ ಕಾರನ್ನು ಹೀಗೆ ಎಳೆಸಲೇಬಾರದು, ಗೇರ್‌ಬಾಕ್ಸ್ ಹೋಗುತ್ತದೆ.

ಮುಕ್ಕಾಲು ಗಂಟೆಯ ಮೇಲೆ ಮೇಲಿನ ಹೋಸನ್ನು ಕೈಯಿಂದ ಮುಟ್ಟಿದಾಗ ಸುಡಲಿಲ್ಲ, ಹಿಚುಕಿದರೆ ಮೆತ್ತಗಿತ್ತು. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಮುಚ್ಚಳದ ಮೇಲಿಟ್ಟು, ಮುಖ ಆಚೆ ತಿರುಗಿಸಿ, ಕಾಲು ಸುತ್ತು ತಿರುವಿ, ಸುಯ್ ಸದ್ದು ನಿಲ್ಲುವ ತನಕ ಕಾದು, ಆಮೇಲೆ ಪೂರ್ತಿ ತೆಗೆದದ್ದು. ಒಳಗೆ ಸುಮಾರು ಒಂದು ಲೀಟರ್ ಕಡಿಮೆ. ನೀರನ್ನು ಇಂಜಿನ್ ಚಾಲೂ ಇಟ್ಟು, ಸಣ್ಣಗೆ, ಗುಳ್ಳೆ ಹೊರಬರಲು ಬಿಡುತ್ತ ಹಾಕಬೇಕು.

ಎಂಥ ನೀರು ಎಂಬುದು ಗದಗ ಸೀಮೆಯಲ್ಲಿ ದೊಡ್ಡ ಪ್ರಶ್ನೆ. ಇಲ್ಲಿನ ಬೋರಿನ ನೀರು ಗಡಸು, ಹಲವು ಊರುಗಳಲ್ಲಿ ಫ್ಲೋರೈಡ್ ಕೂಡ. ಆ ನೀರನ್ನು ರೇಡಿಯೇಟರಿಗೆ ಹಾಕಿದರೆ ಒಳಗಿನ ಸಣ್ಣ ನಾಳಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಮನೆಯಿಂದ ತಂದ ಐದು ಲೀಟರ್ ಇರದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ ನೀರು ಇದಕ್ಕೆ ಒಳ್ಳೆಯದು. ಅದೂ ಇಲ್ಲದಿದ್ದರೆ ಅಂಗಡಿಯ ಬಾಟಲಿ ನೀರು. ಜೀವ ಹೋಗುವ ಹೊತ್ತಿಗೆ ಬೋರಿನ ನೀರೂ ಆದೀತು, ಆದರೆ ಊರಿಗೆ ಮರಳಿದ ಮೇಲೆ ಅದನ್ನೆಲ್ಲ ಇಳಿಸಿ ತೊಳೆಯಬೇಕು.

ಫ್ಯಾನಿನ ತನಿಖೆ ನಾಲ್ಕು ಹೆಜ್ಜೆಯದು. ಚಾವಿ ಆಫ್ ಇದ್ದಾಗ ರೆಕ್ಕೆಯನ್ನು ಕಡ್ಡಿಯಿಂದ ತಿರುಗಿಸಿ ನೋಡುವುದು, ಬಿಗಿಯಾಗಿದ್ದರೆ ಮೋಟಾರೇ ಜಾಮ್. ಬಾನೆಟ್ ಒಳಗಿನ ಪೆಟ್ಟಿಗೆಯಲ್ಲಿ ಫ್ಯಾನಿನ ಫ್ಯೂಜು ತೆಗೆದು ಬೆಳಕಿಗೆ ಹಿಡಿಯುವುದು, ಇಲ್ಲಿ 30 ಆಂಪಿಯರಿನದಿತ್ತು, ಅದರ ತಂತಿ ಗಟ್ಟಿಯಾಗಿಯೇ ಇತ್ತು. ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಎರಡನ್ನೂ ಅದಲು ಬದಲು ಮಾಡಿ ಎಸಿ ಹಾಕುವುದು. ಹಾಗೂ ತಿರುಗದಿದ್ದರೆ ಫ್ಯಾನಿನ ಪ್ಲಗ್ ಬಿಡಿಸಿ, ಬ್ಯಾಟರಿಯಿಂದ ಎರಡು ವಾಯರ್ ನೇರವಾಗಿ ಮುಟ್ಟಿಸುವುದು. ಮುಟ್ಟಿಸಿದ ಕೂಡಲೇ ಫ್ಯಾನ್ ಭರ್ರೆಂದು ತಿರುಗಿತು. ಮೋಟಾರು ಸರಿ, ಫ್ಯೂಜು ಸರಿ, ರಿಲೇ ಸರಿ. ಕರೆಂಟು ನಡುವೆ ಎಲ್ಲೋ ಕಡಿದಿದೆ. ಅದನ್ನು ಮರದ ಕೆಳಗೆ ಕೂತು ಹುಡುಕುವುದಲ್ಲ.

ಅಲ್ಲಿಂದ ಗದಗ ಇಪ್ಪತ್ತು ಕಿ.ಮೀ. ಮೇಲೆ. ಫ್ಯಾನಿಲ್ಲದೆ ಹೋಗಬಹುದು, ಲೆಕ್ಕ ಇಷ್ಟೇ: ಎಸಿ ಬೇಡ, ಹೀಟರ್ ಇರಲಿ, ವೇಗ 50–60, ಮೇಲಿನ ಗೇರು, ಎಲ್ಲಿ ನಿಂತರೂ ಇಂಜಿನ್ ಬಂದ್. ಹುಲಕೋಟಿಯ ಹತ್ತಿರ ಎತ್ತಿನ ಗಾಡಿಗಳ ಹಿಂದೆ ನಿಧಾನವಾದಾಗ ಮುಳ್ಳು ಒಂದು ಗೆರೆ ಏರಿತು. ಐದು ನಿಮಿಷ ಪಕ್ಕಕ್ಕೆ ನಿಂತು, ಇಳಿದ ಮೇಲೆ ಹೊರಟು, ಗದಗ ಮುಟ್ಟಿದಾಗ ಹನ್ನೆರಡು.

ಗ್ಯಾರೇಜಿನ ಮಿಸ್ತ್ರಿ ನೋಡಿದವರೇ, "ಡೈರೆಕ್ಟ್ ಮಾಡಿ ಕೊಡ್ತೀನ್ರೀ ಅಣ್ಣಾರ, ಊರು ಮುಟ್ಟೂತನಕಾ ಏನೂ ಆಗಂಗಿಲ್ಲ" ಎಂದರು. ಡೈರೆಕ್ಟ್ ಎಂದರೆ ಬ್ಯಾಟರಿಯಿಂದ ಫ್ಯಾನಿಗೆ ನೇರ ವಾಯರು, ನಡುವೆ ಒಂದು ಸ್ವಿಚ್ಚು. ಹಬ್ಬದ ದಿನ, ಬಿಡಿಭಾಗದ ಅಂಗಡಿಗಳಿಗೆ ಬೀಗ. ಬೇರೆ ದಾರಿ ಇರಲಿಲ್ಲ, ಈ ದಾರಿಯೂ ತಪ್ಪಲ್ಲ. "ಫ್ಯೂಜ್ ಹಾಕಿ ಕೊಡ್ರಿ ಮಿಸ್ತ್ರಿ, ಬರೇ ವಾಯರ್ ಎಳೀಬ್ಯಾಡ್ರಿ" ಎಂದು ಕೇಳಿ ಹಾಕಿಸಿಕೊಳ್ಳುವುದು ಮಾತ್ರ ಮುಖ್ಯ. ಫ್ಯಾನ್ 10–15 ಆಂಪಿಯರ್ ಎಳೆಯುತ್ತದೆ, ಚಾಲೂ ಆಗುವ ಕ್ಷಣಕ್ಕೆ ಇನ್ನೂ ಹೆಚ್ಚು. ಮನೆಯ ದೀಪಕ್ಕೆ ಹಾಕುವಂಥ ತೆಳು ವಾಯರ್ ಹಾಕಿದರೆ ಸುಟ್ಟು ಹೊಗೆಯಾಡುತ್ತದೆ. 2.5 ಚದರ ಮಿ.ಮೀ.ಗೆ ಕಡಿಮೆಯಿಲ್ಲದ ವಾಯರ್, ಬ್ಯಾಟರಿಯ ಪಕ್ಕದಲ್ಲೇ 20 ಅಥವಾ 25 ಆಂಪಿಯರಿನ ಫ್ಯೂಜು, ಬಿಸಿ ಸೈಲೆನ್ಸರಿಗೂ ತಿರುಗುವ ಬೆಲ್ಟಿಗೂ ತಾಗದಂತೆ ಪಟ್ಟಿ ಕಟ್ಟುವುದು. ಸ್ವಿಚ್ಚು ಸ್ಟೇರಿಂಗಿನ ಕೆಳಗೆ ಕೂತಿತು.

ಮಧ್ಯಾಹ್ನದ ಮೇಲೆ ಲಕ್ಕುಂಡಿ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥನ ಬಾಗಿಲವಾಡದ ಕೆತ್ತನೆ, ಮುಸುಕಿನ ಬಾವಿಯ ಮೆಟ್ಟಿಲಲ್ಲಿ ಕೂತು ಸಂಜೆಯ ತನಕ. ಬುತ್ತಿ ಬಿಚ್ಚಿದ್ದು ಅಲ್ಲೇ ಹೊರಗಿನ ಮರದಡಿ, ನಾಲ್ಕು ಗಂಟೆಗೆ. ರಾತ್ರಿ ಗದಗದಲ್ಲಿ ವಸ್ತಿ.

ಎರಡನೆಯ ದಿನ: ಸತ್ತ ಬ್ಯಾಟರಿ, ರಸ್ತೆಯ ರಾಶಿ, ಜಾಲಿ ಮುಳ್ಳು

ಬೆಳಿಗ್ಗೆ ಚಾವಿ ತಿರುವಿದರೆ ಟಕ್ ಟಕ್ ಟಕ್, ಅಷ್ಟೇ. ಸ್ವಿಚ್ಚು ರಾತ್ರಿಯಿಡೀ ಆನ್ ಉಳಿದಿತ್ತು. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್ ಅವರಿನದು, ಫ್ಯಾನ್ ಗಂಟೆಗೆ ಹತ್ತು ಎಳೆದರೆ ಮೂರೂವರೆ ಗಂಟೆಯಲ್ಲಿ ಖಾಲಿ. ಡೈರೆಕ್ಟ್ ಮಾಡಿಸಿದ ಕಾರುಗಳಿಗೆಲ್ಲ ಇದೊಂದು ಕಟ್ಟಿಟ್ಟ ಬುತ್ತಿ, ಯಾಕೆಂದರೆ ಇಂಜಿನ್ ಆರಿದ ಮೇಲೂ ಫ್ಯಾನ್ ತಿರುಗುವುದು ಸಹಜವೆಂದೇ ಕಿವಿ ನಂಬಿಬಿಡುತ್ತದೆ.

ವಸ್ತಿ ಮಾಡಿದಲ್ಲಿಯೇ ಇನ್ನೊಂದು ಕಾರು ಇತ್ತು. ಎರಡೂ ಕಾರು ಒಂದಕ್ಕೊಂದು ತಾಗದಂತೆ, ಕೇಬಲ್ ಮುಟ್ಟುವಷ್ಟು ಹತ್ತಿರ ತಂದು, ಎರಡರ ಚಾವಿಯೂ ಆಫ್. ಕೆಂಪು ಕೇಬಲ್ಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ. ಕೊನೆಯ ತುದಿಯನ್ನು ಸತ್ತ ಬ್ಯಾಟರಿಯ ಮೈನಸ್ಸಿಗೆ ಹಚ್ಚಬಾರದು, ಅದೇ ಕಾರಿನ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ ಹಚ್ಚಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯ ಬಾಯಲ್ಲಿ ಹೊತ್ತಿಕೊಳ್ಳುವ ಅನಿಲ ಇರುತ್ತದೆ. ಒಳ್ಳೆಯ ಕಾರನ್ನು ಚಾಲೂ ಮಾಡಿ ಐದು ನಿಮಿಷ ಬಿಟ್ಟು, ಆಮೇಲೆ ಸತ್ತದ್ದನ್ನು ಎಬ್ಬಿಸಿದರೆ ಎದ್ದು ಕೂತಿತು. ಕೇಬಲ್ ಬಿಚ್ಚುವುದು ಹಚ್ಚಿದ್ದರ ಉಲ್ಟಾ ಕ್ರಮದಲ್ಲಿ.

ಕೇಬಲ್ ಇರದಿದ್ದರೆ ಕೈಗೇರಿನ ಕಾರನ್ನು ದಬ್ಬಿ ಎಬ್ಬಿಸಬಹುದು. ಚಾವಿ ಆನ್, ಎರಡನೆಯ ಗೇರು, ಕ್ಲಚ್ ಪೂರ್ತಿ ಒತ್ತಿ, ಮೂವರು ದಬ್ಬಿ ಓಡುವ ನಡಿಗೆಯಷ್ಟು ವೇಗ ಬಂದಾಗ ಕ್ಲಚ್ ಥಟ್ಟನೆ ಬಿಟ್ಟು ಮತ್ತೆ ಒತ್ತುವುದು. ಮೊದಲ ಗೇರಿನಲ್ಲಿ ಮಾಡಿದರೆ ಚಕ್ರವೇ ಜಗ್ಗಿ ನಿಲ್ಲುತ್ತದೆ. ಬ್ಯಾಟರಿಯಲ್ಲಿ ಚೂರೂ ಜೀವ ಉಳಿದಿರದಿದ್ದರೆ ಇದರಿಂದ ಪ್ರಯೋಜನವಿಲ್ಲ, ಪೆಟ್ರೋಲಿನ ಪಂಪಿಗೂ ಕಿಡಿಗೂ ಕರೆಂಟು ಬೇಕೇ ಬೇಕು.

ಹೊರಡುವ ಮೊದಲು ಆ ಸ್ವಿಚ್ಚಿನ ಕಥೆ ಮುಗಿಸಿದ್ದು ಎರಡನೆಯ ದಿನದ ಅತ್ಯಂತ ಉಪಯೋಗದ ಕೆಲಸ. ನಾಲ್ಕು ಕಾಲಿನ ಸಾದಾ ರಿಲೇ ಒಂದನ್ನು ತಂದು, 30ನೇ ಕಾಲು ಫ್ಯೂಜಿನ ಮೂಲಕ ಬ್ಯಾಟರಿಗೆ, 87 ಫ್ಯಾನಿಗೆ, 85 ಕಾರಿನ ಲೋಹದ ಮೈಗೆ, 86 ಚಾವಿ ಆನ್ ಇದ್ದಾಗ ಮಾತ್ರ ಕರೆಂಟು ಬರುವ ವಾಯರಿಗೆ. ಹೀಗೆ ಮಾಡಿದರೆ ಚಾವಿ ತೆಗೆದ ಕೂಡಲೇ ಫ್ಯಾನ್ ತಾನೇ ನಿಲ್ಲುತ್ತದೆ, ಮರೆವಿಗೆ ಅವಕಾಶವೇ ಇಲ್ಲ. ಮಿಸ್ತ್ರಿಗೆ ಹತ್ತು ನಿಮಿಷದ ಕೆಲಸ. ಇದನ್ನು ಮೊದಲ ದಿನವೇ ಕೇಳಿ ಮಾಡಿಸಿಕೊಳ್ಳಬೇಕು.

ಗದಗದಿಂದ ಸುಮಾರು 26 ಕಿ.ಮೀ. ಮಾಗಡಿ ಕೆರೆ. ದೂರದ ಉತ್ತರದಿಂದ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವಿಡೀ ಇಲ್ಲಿರುತ್ತವೆ, ಮಹತ್ವದ ಜೌಗುಭೂಮಿಗಳ ಅಂತರರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಈ ಕೆರೆ ಸೇರಿದ್ದು 2024ರಲ್ಲಿ. ಏರಿಯ ಮೇಲೆ ಸದ್ದು ಮಾಡದೆ ಕೂತರೆ ಸಾಲಾಗಿ ನೀರಿಗಿಳಿಯುವುದು ಕಾಣುತ್ತದೆ. ಬ್ಯಾಟರಿಗೆ ಮತ್ತೆ ಚಾಲೂ ಮಾಡುವಷ್ಟು ಜೀವ ಬರಲು ಇಂಜಿನ್ ಕನಿಷ್ಠ 40 ನಿಮಿಷ ಓಡಿರಬೇಕು, ಗದಗದಿಂದ ಇಲ್ಲಿಗೆ ಅಷ್ಟು ಆಗಿತ್ತು. ಹಾಗಾಗಿ ಇಲ್ಲಿ ಧೈರ್ಯವಾಗಿ ಆರಿಸಲಾಯಿತು.

ಕೆರೆಯಿಂದ ಲಕ್ಷ್ಮೇಶ್ವರದ ಕಡೆ ಹೊರಟರೆ ಈ ತಿಂಗಳ ನಿಜವಾದ ಅಪಾಯ ಎದುರಾಗುತ್ತದೆ. ಸುಗ್ಗಿಯ ದಿನ, ರೈತರು ಹುರುಳಿ, ತೊಗರಿ ತಂದು ರಸ್ತೆಯ ಮೇಲೆ ಹಾಸುತ್ತಾರೆ, ವಾಹನ ಹಾದರೆ ರಾಶಿ ಆಗಲಿ ಎಂದು. ಕಣ ಮಾಡಲು ಜಾಗವಿಲ್ಲ, ಆಳು ಸಿಗುವುದಿಲ್ಲ, ಅವರ ಕಷ್ಟ ಅವರಿಗೆ. ಆದರೆ ಕಾರಿಗೆ ಹುರುಳಿಯ ಹೊಟ್ಟು ಯಮನಿದ್ದಂತೆ. ಬಳ್ಳಿ ಉದ್ದ, ಒಣಗಿದರೂ ಮುರಿಯದೆ ಚಕ್ರದ ಶಾಫ್ಟಿಗೆ ಹಗ್ಗದಂತೆ ಸುತ್ತಿಕೊಳ್ಳುತ್ತದೆ. ಅದರ ಪಕ್ಕದಲ್ಲೇ ಸೈಲೆನ್ಸರ್ ಪೈಪು, ಹೊಗೆ ಶುದ್ಧಮಾಡುವ, ಕೆಂಡದಂತೆ ಕಾಯುವ ಕ್ಯಾಟಲಿಟಿಕ್ ಕನ್ವರ್ಟರು. ಈ ಭಾಗದಲ್ಲಿ ಕಾರುಗಳು ನಡುರಸ್ತೆಯಲ್ಲಿ ಸುಟ್ಟುಹೋದದ್ದು ಹೀಗೆಯೇ.

ಬಳಸಿ ಹೋಗಲು ಜಾಗವಿದ್ದರೆ ಬಳಸಿಯೇ ಹೋಗಬೇಕು. ಇಲ್ಲದಿದ್ದರೆ ಇಳಿದು, ಚಕ್ರ ಹಾಯುವ ಎರಡು ಗೆರೆಯಷ್ಟು ಹೊಟ್ಟನ್ನು ಸರಿಸಿಕೊಂಡು ಹೋಗುವುದು. ಕೇಳಿದರೆ ರೈತರೇ ಬಂದು ಸರಿಸಿಕೊಡುತ್ತಾರೆ, ಇಲ್ಲಿಯೂ ಹಾಗೇ ಆಯಿತು: "ತಡೀರಿ ಅಕ್ಕಾರ, ಜಂತಿಗುಂಟಿಲೆ ಎಳೀತೀನಿ." ರಾಶಿಯ ಮೇಲೆ ನಿಲ್ಲಬಾರದು, ಹಿಂದೆ ಮುಂದೆ ಆಡಿಸಬಾರದು. ದಾಟಿದ ಮೇಲೆ ನೂರಿನ್ನೂರು ಮೀಟರ್ ಹೋಗಿ, ಬರಿಯ ಡಾಂಬರಿನ ಮೇಲೆ ನಿಲ್ಲಿಸಿ, ಬಗ್ಗಿ ಮುಂದಿನ ಎರಡೂ ಚಕ್ರಗಳ ಒಳಗಡೆ ನೋಡಲೇಬೇಕು. ಸುತ್ತಿದ್ದನ್ನು ಕತ್ತರಿಸಿ ಎಳೆಯಬೇಕು, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು. ಸುಟ್ಟ ವಾಸನೆ, ಕೆಳಗಿನಿಂದ ಹೊಗೆ ಕಂಡರೆ ಚಾವಿ ತೆಗೆದು ಎಲ್ಲರೂ ಇಳಿದು ಮೂವತ್ತು ಮೀಟರ್ ದೂರ. ಸಾಮಾನು ತೆಗೆಯಲು ನಿಲ್ಲಬಾರದು. ಬೆಂಕಿ ಸಣ್ಣದಿದ್ದಾಗ ಮಾತ್ರ ಪುಡಿಯ ಸಿಲಿಂಡರು, ಗಾಳಿ ಬೆನ್ನಿಗಿರುವಂತೆ ನಿಂತು, ಉರಿಯ ಬುಡಕ್ಕೆ. ಬಾನೆಟ್ ಒಳಗೆ ಹೊತ್ತಿದ್ದರೆ ಬಾನೆಟ್ ಪೂರ್ತಿ ಎತ್ತಬಾರದು, ಗಾಳಿ ಸಿಕ್ಕು ಭುಗ್ಗೆನ್ನುತ್ತದೆ. ಮಿಕ್ಕದ್ದಕ್ಕೆ ತುರ್ತು ಸಂಖ್ಯೆ 112.

ಫ್ಯಾನ್ ಸದಾ ತಿರುಗುವ ಕಾರಿಗೆ ಇನ್ನೊಂದು ತೊಂದರೆಯೂ ಇದೆ: ಅದು ಹೊಟ್ಟಿನ ದೂಳನ್ನೆಲ್ಲ ಎಳೆದು ರೇಡಿಯೇಟರಿನ ಮುಖಕ್ಕೆ ಅಂಟಿಸುತ್ತದೆ. ಲಕ್ಷ್ಮೇಶ್ವರ ಮುಟ್ಟುವಾಗ ಮುಳ್ಳು ಅರ್ಧಕ್ಕಿಂತ ಸ್ವಲ್ಪ ಮೇಲಿತ್ತು, ಬಗ್ಗಿ ನೋಡಿದರೆ ಜಾಲರಿಯ ಮೇಲೆ ಕಂಬಳಿಯಂತೆ ಹೊಟ್ಟು. ಇಂಜಿನ್ ತಣಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಸವರಿ ತೆಗೆದರೆ ಸರಿಯಾಯಿತು. ಅಡ್ಡ ಉಜ್ಜಿದರೆ ರೇಡಿಯೇಟರಿನ ತೆಳು ರೆಕ್ಕೆಗಳು ಮಡಚುತ್ತವೆ.

ಲಕ್ಷ್ಮೇಶ್ವರ ಹಳೆಯ ಪುಲಿಗೆರೆ, ತಿರುಳ್ಗನ್ನಡದ ನಾಡು. ಸೋಮೇಶ್ವರನ ಗುಡಿಯಲ್ಲಿ ಒಂದು ತಾಸು ಕಳೆದು, ಸವಣೂರಿನ ರಸ್ತೆ ಹಿಡಿದು ಹತ್ತು ಕಿ.ಮೀ. ಹೋಗುವಷ್ಟರಲ್ಲಿ ಸ್ಟೇರಿಂಗ್ ಎಡಕ್ಕೆ ಎಳೆಯತೊಡಗಿತು. ಬಳ್ಳಾರಿ ಜಾಲಿಯ ಮುಳ್ಳು. ಮೆತ್ತಗಾದ ಟೈರಿನ ಮೇಲೆ ಅರ್ಧ ಕಿ.ಮೀ. ಓಡಿಸಿದರೂ ಅದರ ಪಕ್ಕೆ ಒಳಗಿಂದೊಳಗೆ ಸವೆದು ಹರಿಯುತ್ತದೆ, ಪಂಚರ್ ತೆಗೆಯುವ ಬದಲು ಟೈರೇ ಹೊಸದು ಕೊಳ್ಳಬೇಕಾಗುತ್ತದೆ. ಆದರೂ ಇಪ್ಪತ್ತು ಮೂವತ್ತು ಮೀಟರ್ ಮುಂದೆ ಸಮತಟ್ಟಾದ ಗಟ್ಟಿ ನೆಲ ಕಂಡರೆ ಅಲ್ಲಿಗೆ ಹೋಗಿ ನಿಲ್ಲುವುದೇ ಸರಿ.

ಹ್ಯಾಂಡ್‌ಬ್ರೇಕ್, ಮೊದಲ ಗೇರು, ಎದುರಿನ ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು. ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಬೇಕು, ಎತ್ತಿದ ಮೇಲೆ ಚಕ್ರವೇ ತಿರುಗುತ್ತದೆ. ನಟ್ಟು ಹಿಡಿದುಕೊಂಡಿದ್ದರೆ ಪಾನಾವನ್ನು ನೆಲಕ್ಕೆ ಅಡ್ಡಡ್ಡ ಹಾಕಿ ನಿಧಾನಕ್ಕೆ ಮೈಭಾರ ಹಾಕಿದರೆ ಬಿಡುತ್ತದೆ, ಜಿಗಿದರೆ ಪಾನಾ ಜಾರಿ ನಟ್ಟಿನ ಮೂಲೆ ಉರುಟಾಗುತ್ತದೆ. ಜಾಕನ್ನು ಬಾಗಿಲ ಕೆಳಗಿನ ಗುರುತಿನ ಜಾಗಕ್ಕೇ ಕೂಡಿಸಬೇಕು.

ಹಲಗೆಯ ಕೆಲಸ ಇಲ್ಲಿ. ಡಾಂಬರಿನ ಅಂಚು ಬಿಟ್ಟರೆ ಎರಿ ಮಣ್ಣು. ಜನವರಿಯಲ್ಲಿ ಅದು ಒಣಗಿ ಬಿರುಕು ಬಿಟ್ಟಿರುತ್ತದೆ, ಮೇಲೆ ಗಟ್ಟಿ ಕಂಡರೂ ಭಾರ ಬಿದ್ದೊಡನೆ ಹೆಂಟೆ ಪುಡಿಯಾಗಿ ಜಾಕ್ ವಾಲುತ್ತದೆ. ಮಳೆಗಾಲದಲ್ಲಿ ಇನ್ನೂ ಕಷ್ಟ, ಜಾಕಿನ ಕಾಲು ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ, ಕಾರೇ ರಸ್ತೆಯಿಂದ ಇಳಿದರೆ ಮತ್ತೆ ಹತ್ತುವುದಿಲ್ಲ. ಒಂದಿಂಚು ದಪ್ಪದ ಹಲಗೆ ಭಾರವನ್ನು ಹರಡುತ್ತದೆ. ತೆಗೆದ ಚಕ್ರವನ್ನು ಕಾರಿನ ಕೆಳಗೆ ಮಲಗಿಸಿಡುವುದೂ ಒಳ್ಳೆಯ ಅಭ್ಯಾಸ, ಜಾಕ್ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ, ಕೈಕಾಲಿನ ಮೇಲಲ್ಲ. ಸ್ಟೆಪ್ನಿ ಹಾಕಿ, ಕೈಯಲ್ಲಿ ನಟ್ಟು ಕೂಡಿಸಿ, ಕಾರು ಇಳಿಸಿ, ಒಂದು ಬಿಟ್ಟು ಎದುರಿನದೊಂದರಂತೆ ಬಿಗಿ ಮಾಡಬೇಕು. ಸಾಲಾಗಿ ಬಿಗಿದರೆ ಚಕ್ರ ಓರೆಯಾಗಿ ಕೂತು ಮುಂದೆ ನಡುಗುತ್ತದೆ. ಐವತ್ತು ಕಿ.ಮೀ. ಆದ ಮೇಲೆ ಮತ್ತೊಮ್ಮೆ ಪಾನಾ ಹಾಕಿ ನೋಡಬೇಕು. ಸ್ಟೆಪ್ನಿ ಬೇರೆ ಅಳತೆಯ ತೆಳ್ಳನೆಯದಿದ್ದರೆ 80 ದಾಟಬಾರದು.

ಸವಣೂರಿನ ಪಂಚರ್ ಅಂಗಡಿಯಲ್ಲಿ ತೂತಿಗೆ ಹೊರಗಿನಿಂದಲೇ ರಬ್ಬರಿನ ಬತ್ತಿ ತುಂಬಿ ಕೊಡಲು ಹೊರಟರು. ಮೊಳೆಯಾದರೆ ಅದು ಸಾಕು. ಜಾಲಿ ಮುಳ್ಳು ಒಳಗೇ ಮುರಿದಿರುತ್ತದೆ, ಒಂದೇ ಅಲ್ಲ, ಮೂರು ನಾಲ್ಕು ಇರುತ್ತವೆ. ಟೈರು ಬಿಚ್ಚಿ ಒಳಮೈ ಮೇಲೆ ಬಟ್ಟೆ ಸವರಿಸಿ, ಬಟ್ಟೆ ಸಿಕ್ಕಿಕೊಂಡಲ್ಲೆಲ್ಲ ಇಕ್ಕಳದಿಂದ ಕೀಳಿಸಬೇಕು. ಮೂರು ಸಿಕ್ಕವು. ಆ ಕೆಲಸ ಆಗುವಷ್ಟರಲ್ಲಿ ಊರಿನ ಆ ದೈತ್ಯ ಹುಣಸೆಗಳನ್ನು ನೋಡಿ ಬರಬಹುದು. ಹುಣಸೆ ಎಂದು ಕರೆದರೂ ಅವು ಆಫ್ರಿಕಾ ಮೂಲದ ಬಾವೊಬಾಬ್, ಬೊಡ್ಡೆಯನ್ನು ಹತ್ತು ಜನ ಕೈ ಹಿಡಿದು ಸುತ್ತುವರಿಯಬೇಕು. ಸವಣೂರಿನ ಖಾರಾ, ಎಲೆ ಕಟ್ಟಿಸಿಕೊಂಡು ರಾತ್ರಿ ಹಾವೇರಿ.

ಮೂರನೆಯ ದಿನ: ಹೆದ್ದಾರಿ, ಗೋಕುಲ ರಸ್ತೆ

ಬೆಳಿಗ್ಗೆ ಸಿದ್ಧೇಶ್ವರನ ಗುಡಿ, ಒಂದು ಏಲಕ್ಕಿ ಹಾರ, ಆಮೇಲೆ ಬಂಕಾಪುರ. ಕೋಟೆಯೊಳಗಿನ ನಗರೇಶ್ವರದ 66 ಕಂಬಗಳ ಮಂಟಪಕ್ಕೆ ಹೋಗುವ ದಾರಿಯಲ್ಲಿ ನವಿಲುಗಳ ಕೂಗು. ಕಾರು ತಕರಾರು ಮಾಡಲಿಲ್ಲ.

ಬಂಕಾಪುರದಿಂದ ಶಿಗ್ಗಾಂವಿ ಮೇಲೆ ಹುಬ್ಬಳ್ಳಿ ತನಕ ರಾಷ್ಟ್ರೀಯ ಹೆದ್ದಾರಿ 48. ಹಳ್ಳಿ ರಸ್ತೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಕೆಟ್ಟರೆ ಎಡ ಅಂಚಿನ ಆಚೆ ಪೂರ್ತಿ ಇಳಿಸಿ, ತ್ರಿಕೋನ ಕನಿಷ್ಠ ನೂರು ಮೀಟರ್ ಹಿಂದೆ, ಜನ ಕಬ್ಬಿಣದ ತಡೆಯ ಆಚೆ. ರಸ್ತೆಯ ಕಡೆಗಿರುವ ಚಕ್ರ ಪಂಚರ್ ಆದರೆ ಅಲ್ಲಿ ಕೂತು ಬದಲಿಸುವ ಸಾಹಸ ಬೇಡ, ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ ಪಕ್ಕದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಬೇಕು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಫ್ಯೂಜು ಪೆಟ್ಟಿಗೆಯನ್ನು ಬುಡಸಮೇತ ಎತ್ತಿ ತಿರುವಿದಾಗ ಕಾರಣ ಸಿಕ್ಕಿತು. ಫ್ಯಾನಿನ ರಿಲೇ ಕೂರುವ ಗೂಡಿನ ಒಂದು ಹಿಡಿಕೆ ಸಡಿಲಾಗಿ ಕಂದು ಬಣ್ಣಕ್ಕೆ ತಿರುಗಿತ್ತು, ಸುತ್ತಲಿನ ಪ್ಲಾಸ್ಟಿಕ್ ಕರಗಿತ್ತು. ಜೋಡಣೆ ಸಡಿಲಾದಲ್ಲಿ ಕರೆಂಟಿಗೆ ತಡೆ, ತಡೆಯಿದ್ದಲ್ಲಿ ಬಿಸಿ, ಬಿಸಿಯಾದಷ್ಟೂ ಇನ್ನಷ್ಟು ಸಡಿಲು. ಅಣ್ಣಿಗೇರಿಯಲ್ಲಿ ರಿಲೇ ಬದಲಿಸಿದರೂ ಫ್ಯಾನ್ ತಿರುಗದೆ ಇದ್ದದ್ದು ಇದರಿಂದಲೇ. ಹೊಸ ರಿಲೇ ಹಾಕಿ ಬಿಲ್ ಕೊಡುವ ಮಿಸ್ತ್ರಿಗೆ ಗೂಡನ್ನೂ ತೋರಿಸಿ ಎಂದು ಕೇಳಬೇಕು. ಸುಟ್ಟ ಹಿಡಿಕೆಯನ್ನು ಕತ್ತರಿಸಿ, ವಾಯರ್ ಸಮೇತ ಬರುವ ಹೊಸ ಗೂಡನ್ನು ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ತೊಡಿಸಿದರು. ಡೈರೆಕ್ಟ್ ವಾಯರ್ ಪೂರ್ತಿ ತೆಗೆಸಿದ್ದಾಯಿತು, ತುದಿ ಮಡಚಿ ಒಳಗೆ ಬಿಡಲಿಲ್ಲ.

ದಾರಿಯಲ್ಲಿ ಹಾಕಿದ ನೀರಿನಿಂದ ಕೂಲಂಟ್ ತೆಳುವಾಗಿತ್ತು. ಎಲ್ಲವನ್ನೂ ಇಳಿಸಿ, ಕೂಲಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಬೆರೆಸಿ, ಹೀಟರ್ ಬಿಸಿಗಿಟ್ಟು, ಮುಚ್ಚಳ ತೆರೆದಿಟ್ಟು ಗುಳ್ಳೆ ನಿಲ್ಲುವ ತನಕ ಇಂಜಿನ್ ಓಡಿಸಿದರು. ಫ್ಯಾನ್ ತಾನೇ ಎದ್ದು, ತಾನೇ ನಿಂತು, ಮತ್ತೆ ಎದ್ದದ್ದನ್ನು ಎರಡು ಸುತ್ತು ನೋಡಿದ ಮೇಲೆ ಮುಚ್ಚಳ ಬಿಗಿದರು. ಮರುದಿನ ಬೆಳಿಗ್ಗೆ ತಣ್ಣನೆಯ ಇಂಜಿನ್ನಿನಲ್ಲಿ ಬಾಟಲಿಯ ಮಟ್ಟ ಒಂದು ಬೆರಳು ಇಳಿದಿತ್ತು. ಒಳಗೆ ಉಳಿದಿದ್ದ ಗಾಳಿ ಹೊರಟ ಜಾಗ ಅದು. ಅದೇ ಮಿಶ್ರಣ ಕಾಲು ಲೀಟರ್ ಹಾಕಿ, ಇನ್ನೂ ಎರಡು ಬೆಳಿಗ್ಗೆ ನೋಡಿದಾಗ ಗೆರೆ ಕದಲಿರಲಿಲ್ಲ.